ಮಾತಿನ ಒತ್ತು

ನಾವು ಆಡುವ ವಾಕ್ಯದಲ್ಲಿ ಎಲ್ಲ ಪದಗಳಿಗೂ ಒಂದೇ ತೂಕವಿರುವುದಿಲ್ಲ. ಯಾವುದೋ ಒಂದು ಪದವನ್ನು ಕೇಳುವವರ ಮುಂದೆ ಎತ್ತಿ ಹಿಡಿಯಬೇಕೆಂಬುದು ನಮ್ಮ ಮನಸ್ಸಿನಲ್ಲಿರುತ್ತದೆ. ಉಳಿದ ಪದಗಳು ಅದಕ್ಕೆ ಆಸರೆಯಾಗಿ ನಿಲ್ಲುತ್ತವೆ. ‘ನಾಳೆ ಬಸ್ಸು ಹೊರಮಾವಿಗೆ ಬರುತ್ತದೆ’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಇದು ಸಮತಟ್ಟಾದ ವಾಕ್ಯ. ಒಂದು ಸುದ್ದಿಯನ್ನು ತಿಳಿಸಿ ಸುಮ್ಮನಾಗುತ್ತದೆ. ಇದನ್ನೇ ‘ನಾಳೆಯೇ ಬಸ್ಸು ಹೊರಮಾವಿಗೆ ಬರುತ್ತದೆ’ ಎಂದರೆ ನಾಡಿದ್ದಿನವರೆಗೆ ಕಾಯಬೇಕಾಗಿಲ್ಲ ಎಂದಾಯಿತು. ‘ಬಸ್ಸೇ ಬರುತ್ತದೆ’ ಎಂದರೆ ಆಟೋ ಹುಡುಕುವ ತೊಂದರೆ ಇಲ್ಲ. ‘ಹೊರಮಾವಿಗೇ ಬರುತ್ತದೆ’ ಎಂದರೆ ಬಾಣಸವಾಡಿಯಲ್ಲಿ ಇಳಿದು ನಡೆಯಬೇಕಾಗಿಲ್ಲ. ‘ಬಂದೇ ಬರುತ್ತದೆ’ ಎಂದರೆ ಸಂಶಯವೇ ಬೇಡ. ನಾಲ್ಕು ವಾಕ್ಯಗಳಲ್ಲಿಯೂ ಸುದ್ದಿ ಒಂದೇ. ಆದರೆ ನಾಲ್ಕೂ ಬೇರೆ ಬೇರೆ ಸಂಶಯಗಳಿಗೆ ಉತ್ತರವಾಗಿವೆ.

ಈ ಕೆಲಸವನ್ನೆಲ್ಲ ಮಾಡಿದ್ದು ಪದದ ಕೊನೆಗೆ ಅಂಟಿಕೊಂಡ ಒಂದು ಪುಟ್ಟ ಏಕಾರ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಎಂದು ಹೆಸರು. ಹಲವುಗಳಲ್ಲಿ ಒಂದನ್ನು ನಿರ್ಧರಿಸಿ ಹೇಳುವುದು ಅವಧಾರಣೆಯ ಲಕ್ಷಣ. ‘ನಾನೇ’ ಎಂದಾಗ ‘ಬೇರೆ ಯಾರೂ ಅಲ್ಲ’ ಎಂಬ ಮಾತು ಅದರ ಬೆನ್ನಿಗೇ ಇರುತ್ತದೆ. ಒತ್ತಿ ಹೇಳುವುದೆಂದರೆ ಗಟ್ಟಿಯಾಗಿ ಕೂಗುವುದಲ್ಲ. ಹೇಳದೆ ಬಿಟ್ಟ ಇನ್ನೊಂದನ್ನು ಕೇಳುವವರಿಗೆ ನೆನಪಿಸಿ ಅದನ್ನು ಪಕ್ಕಕ್ಕೆ ಸರಿಸುವುದು. ಈ ಮಾತು ಎಲ್ಲ ಭಾಷೆಗಳಿಗೂ ಸಲ್ಲುತ್ತದೆ. ಆದರೆ ಅದನ್ನು ಸಾಧಿಸುವ ಉಪಾಯ ಭಾಷೆಯಿಂದ ಭಾಷೆಗೆ ಬೇರೆಯಾಗುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವವರು ಮೊದಲು ಎಡವುವ ಜಾಗಗಳಲ್ಲಿ ಇದೂ ಒಂದು.

ಹೊರಮಾವು ಬೆಂಗಳೂರಿನ ಪೂರ್ವಭಾಗದಲ್ಲಿ, ಬಾಣಸವಾಡಿಗೂ ಕೃಷ್ಣರಾಜಪುರಕ್ಕೂ ಸಮೀಪದಲ್ಲಿರುವ ಊರು. ಬಹುಕಾಲ ಹಳ್ಳಿಯಾಗಿದ್ದ ಇದು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದೊಳಗೆ ಸೇರಿತು. ಅಲ್ಲಿ ಒಂದು ಕೆರೆ ಇದೆ. ಆ ಕೆರೆಯ ದಂಡೆಯ ಮೇಲೆ ಒಂಬತ್ತನೆಯ ತರಗತಿಯ ಒಬ್ಬ ಬಾಲಕಿ ಶಾಲೆಗೆ ಹೋಗುವಾಗ ಒಂದು ಕೈಚೀಲವನ್ನು ಕಂಡಳೆಂದು ಭಾವಿಸೋಣ. ಚೀಲದೊಳಗೆ ಹಣವೂ ಕಾಗದಪತ್ರಗಳೂ ಇದ್ದುವು. ಅವಳು ಅದನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದಳು. ಚೀಲದ ಒಡತಿ ಹಲಸೂರಿನವರು. ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಬೆಳೆದವರು. ಚೀಲ ಸಿಕ್ಕಿದೆಯೆಂದು ಮುಖ್ಯೋಪಾಧ್ಯಾಯರು ಅವರಿಗೆ ಫೋನಿನಲ್ಲಿ ತಿಳಿಸಿದರು. ಆದರೆ ಯಾರಿಗೆ ಸಿಕ್ಕಿತು, ಹೇಗೆ ಸಿಕ್ಕಿತು ಎಂಬುದನ್ನು ನೀನೇ ಬರೆದು ತಿಳಿಸಮ್ಮ ಎಂದು ಬಾಲಕಿಗೆ ಹೇಳಿದರು. ಮರುದಿನ ಅವಳು ಬರೆಯಲು ಕುಳಿತಳು. ಅವಳ ಮನಸ್ಸಿನಲ್ಲಿದ್ದ ಮಾತು ಇದು: ‘ಚೀಲವನ್ನು ನಾನೇ ಕಂಡೆ. ನಿನ್ನೆಯೇ ಕಂಡೆ. ಬೆಳಿಗ್ಗೆಯೇ ಮುಖ್ಯೋಪಾಧ್ಯಾಯರಿಗೆ ಕೊಟ್ಟೆ. ನನ್ನ ಗೆಳತಿಯೂ ನೋಡಿದಳು. ಹಣವನ್ನು ನಾನು ಮುಟ್ಟಲೇ ಇಲ್ಲ.’

ಕನ್ನಡದಲ್ಲಿ ಇದು ಎಷ್ಟು ನೇರವಾದ, ಎಷ್ಟು ಪ್ರಾಮಾಣಿಕವಾದ ಮಾತು! ಅವಳು ಇದನ್ನು ಇಂಗ್ಲಿಷಿನಲ್ಲಿ ಹೀಗೆ ಬರೆದಳು: ‘ಐ ಓನ್ಲಿ ಫೌಂಡ್ ದಿ ಬ್ಯಾಗ್. ಐ ಫೌಂಡ್ ಇಟ್ ಯೆಸ್ಟರ್‌ಡೇ ಓನ್ಲಿ. ಮಾರ್ನಿಂಗ್ ಇಟ್‌ಸೆಲ್ಫ್ ಐ ಗೇವ್ ಇಟ್ ಟು ದಿ ಹೆಡ್‌ಮಾಸ್ಟರ್. ಈವನ್ ಮೈ ಫ್ರೆಂಡ್ ಸಾ ಇಟ್. ಐ ಡಿಡ್ ನಾಟ್ ಟಚ್ ದಿ ಮನಿ ಓನ್ಲಿ.’

ನಮ್ಮ ಊರಿನಲ್ಲಿ ಯಾರೇ ಓದಿದರೂ ಇದು ಅರ್ಥವಾಗುತ್ತದೆ. ಆದರೆ ಒಡತಿಗೆ ಇದು ಹೇಗೆ ಕೇಳಿಸೀತು? ‘ಐ ಓನ್ಲಿ ಫೌಂಡ್’ ಎಂಬುದನ್ನು ಅವರು ‘ನಾನು ಕಂಡೆನಷ್ಟೆ, ಮತ್ತೇನೂ ಮಾಡಲಿಲ್ಲ’ ಎಂದು ಓದಿಕೊಳ್ಳುತ್ತಾರೆ. ಕ್ರಿಯಾಪದದ ಹಿಂದೆ ನಿಂತ ಓನ್ಲಿ ಸಾಮಾನ್ಯವಾಗಿ ತನ್ನ ಮುಂದಿನ ಮಾತನ್ನು ಹಿಡಿಯುತ್ತದೆಯೇ ಹೊರತು ಹಿಂದಿನ ‘ಐ’ಯನ್ನು ಹಿಡಿಯುವುದಿಲ್ಲ. ಯಾರೋ ಆಪಾದನೆ ಹೊರಿಸಿದಂತೆಯೂ ಅದಕ್ಕೆ ಈ ಹುಡುಗಿ ಸಮಾಧಾನ ಹೇಳುತ್ತಿರುವಂತೆಯೂ ಅವರಿಗೆ ತೋರಬಹುದು. ‘ಯೆಸ್ಟರ್‌ಡೇ ಓನ್ಲಿ’ ಎಂಬುದು ಇನ್ನೂ ವಿಚಿತ್ರ. ಅವಳ ಮನಸ್ಸಿನಲ್ಲಿದ್ದುದು ‘ನಿನ್ನೆಯೇ’. ಎಂದರೆ ತಡಮಾಡದೆ, ಇಂದಿನವರೆಗೆ ಕಾಯದೆ. ಇಂಗ್ಲಿಷಿನ ಓದುಗರಿಗೆ ತಲುಪುವುದು ‘ನಿನ್ನೆಯಷ್ಟೇ’. ಎಂದರೆ ನಿನ್ನೆಗಿಂತ ಮೊದಲು ಅಲ್ಲ. ‘ನಿನ್ನೆಯೇ’ ಎಂಬುದು ಬೇಗವಾಯಿತೆಂದು ಹೇಳಿದರೆ ‘ನಿನ್ನೆಯಷ್ಟೇ’ ಎಂಬುದು ತಡವಾಯಿತೆಂದು ಹೇಳುತ್ತದೆ. ಎರಡೂ ಎದುರುಬದುರು ದಿಕ್ಕುಗಳು!

ಕೊನೆಯ ವಾಕ್ಯವಂತೂ ಬಾಲಕಿಯ ಪಾಲಿಗೆ ಅಪಾಯಕಾರಿಯಾದುದು. ‘ಐ ಡಿಡ್ ನಾಟ್ ಟಚ್ ದಿ ಮನಿ ಓನ್ಲಿ’ ಎಂದರೆ ‘ಹಣವನ್ನು ಮಾತ್ರ ಮುಟ್ಟಲಿಲ್ಲ, ಉಳಿದುದನ್ನು ಮುಟ್ಟಿದೆ’ ಎಂದಾಗಬಹುದು. ಅಥವಾ ‘ನಾನು ಮುಟ್ಟಿದ್ದು ಹಣವೊಂದನ್ನೇ ಅಲ್ಲ’ ಎಂದೂ ಆಗಬಹುದು. ಒಂದು ಕಾಸನ್ನೂ ಮುಟ್ಟದ ಹುಡುಗಿ ತನ್ನ ಕೈಯಿಂದಲೇ ತನ್ನ ಮೇಲೆ ಸಂಶಯ ಬರುವಂತೆ ಬರೆದುಕೊಟ್ಟ ಹಾಗಾಯಿತು. ಪದಗಳ ಕಾಗುಣಿತದಲ್ಲಿ ತಪ್ಪಿಲ್ಲ, ಕಾಲದಲ್ಲಿ ತಪ್ಪಿಲ್ಲ. ತಪ್ಪಿರುವುದು ಒತ್ತಿನಲ್ಲಿ.

ಈ ‘ಓನ್ಲಿ’, ಈ ‘ಇಟ್‌ಸೆಲ್ಫ್’ ನಮ್ಮ ಬಾಯಿಗೆ ಎಲ್ಲಿಂದ ಬಂದುವು? ನಗೆಪಾಟಲು ಮಾಡಿ ತಳ್ಳಿಬಿಡುವ ವಿಷಯ ಇದಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ತಮ್ಮ ಸೈನ್ಯವನ್ನು ನೆಲೆಗೊಳಿಸಿದರು. ಅದೇ ಬೆಂಗಳೂರಿನ ದಂಡು. 1949ರಲ್ಲಿ ಒಂದಾಗುವವರೆಗೆ ದಂಡೂ ಪೇಟೆಯೂ ಬೇರೆ ಬೇರೆ ಪೌರಸಭೆಗಳ ಆಡಳಿತದಲ್ಲಿದ್ದುವು. ದಂಡಿನ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಇವುಗಳ ನಡುವೆ ಇಂಗ್ಲಿಷ್ ಓಡಾಡಿತು. 1948ರಲ್ಲಿ ಕೃಷ್ಣರಾಜಪುರದ ಪಕ್ಕದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪಿತವಾಗಿ ಆ ಪ್ರದೇಶಕ್ಕೆ ದೂರವಾಣಿನಗರವೆಂದೇ ಹೆಸರಾಯಿತು. ಅಲ್ಲಿಗೂ ನಾನಾ ಭಾಷೆಯ ಜನ ಬಂದರು. ಈಗ ನೋಡಿ: ಕನ್ನಡದವರಿಗೆ ಏಕಾರವಿದೆ. ತೆಲುಗಿನವರಿಗೂ ಏಕಾರವಿದೆ. ತಮಿಳರಿಗೆ ‘ತಾನ್’ ಎಂಬುದಿದೆ. ಹಿಂದಿ, ಉರ್ದುಗಳಿಗೆ ‘ಹೀ’ ಇದೆ. ದಖನಿಯವರು ಮಾತಿನ ಕೊನೆಗೆ ‘ಚ್’ ಸೇರಿಸುತ್ತಾರೆ. ಒತ್ತಬೇಕಾದ ಪದದ ಹಿಂದೆಯೇ ಒಂದು ಸಣ್ಣ ಗುರುತನ್ನು ಕಟ್ಟುವುದು ಇವರೆಲ್ಲರಿಗೂ ಅಭ್ಯಾಸ. ಇಂಗ್ಲಿಷಿನಲ್ಲಿ ಅಂಥ ಗುರುತು ಇಲ್ಲ. ಇಲ್ಲದುದನ್ನು ಇವರು ಇದ್ದುದರಿಂದಲೇ ಮಾಡಿಕೊಂಡರು. ‘ಓನ್ಲಿ’ ಎಂಬ ಪದವನ್ನು ತೆಗೆದುಕೊಂಡು ಏಕಾರದ ಜಾಗದಲ್ಲಿ ನಿಲ್ಲಿಸಿದರು. ಕಾಲವನ್ನೂ ಸ್ಥಳವನ್ನೂ ಹೇಳುವ ಪದಗಳ ಹಿಂದೆ ‘ಇಟ್‌ಸೆಲ್ಫ್’ ಅನ್ನು ಇಟ್ಟರು. ಇದು ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ, ಭಾರತದಾದ್ಯಂತ ಕೇಳಿಬರುತ್ತದೆ. ಜರ್ಮನಿಯ ವಿದುಷಿ ಕ್ಲೌಡಿಯಾ ಲಾಂಗೆ ಅವರು 2007ರಲ್ಲಿ ಭಾರತೀಯರ ಈ ಎರಡು ಪದಗಳ ಬಳಕೆಯನ್ನು ಕುರಿತೇ ಒಂದು ಸಂಶೋಧನ ಲೇಖನವನ್ನು ಪ್ರಕಟಿಸಿದರು. ಆದುದರಿಂದ ಶಿವಾಜಿನಗರದ ಅಂಗಡಿಯಲ್ಲಿ ಯಾರಾದರೂ ‘ಫಿಕ್ಸೆಡ್ ಪ್ರೈಸ್ ಓನ್ಲಿ’ ಎಂದರೆ ಅವರು ಬುದ್ಧಿಯಿಲ್ಲದವರೆಂದು ಭಾವಿಸಬಾರದು. ಅವರು ತಮ್ಮ ತಾಯಿನುಡಿಯ ಏಕಾರವನ್ನು ಬಿಟ್ಟುಕೊಡಲಾರದವರು, ಅಷ್ಟೆ. ನಮ್ಮ ನಮ್ಮಲ್ಲಿ ಈ ಮಾತು ನಡೆಯುತ್ತದೆ. ನಮ್ಮ ಮನಸ್ಸಿನ ಏಕಾರವನ್ನು ಅರಿಯದವರ ಮುಂದೆ, ಅದರಲ್ಲಿಯೂ ಕಾಗದದ ಮೇಲೆ, ನಡೆಯುವುದಿಲ್ಲ.

ಹಾಗಾದರೆ ಇಂಗ್ಲಿಷಿನವರು ಒತ್ತಿ ಹೇಳುವುದು ಹೇಗೆ? ಅವರ ಮೊದಲನೆಯ ಸಾಧನ ಧ್ವನಿ. ‘ದಿ ಬಸ್ ವಿಲ್ ಕಮ್ ಟು ಹೊರಮಾವು ಟುಮಾರೊ’ ಎಂಬ ವಾಕ್ಯದಲ್ಲಿ ‘ಬಸ್’ ಎಂಬುದನ್ನು ಏರಿಸಿ, ತುಸು ಎಳೆದು ಹೇಳಿದರೆ ಅದೇ ನಮ್ಮ ‘ಬಸ್ಸೇ’. ‘ಟುಮಾರೊ’ ಎಂಬುದನ್ನು ಏರಿಸಿದರೆ ‘ನಾಳೆಯೇ’. ‘ವಿಲ್’ ಎಂಬುದನ್ನು ಏರಿಸಿದರೆ ‘ಬಂದೇ ಬರುತ್ತದೆ’. ಒಂದು ಪದವನ್ನೂ ಸೇರಿಸದೆ, ಒಂದು ಪದವನ್ನೂ ಕದಲಿಸದೆ ಕೇವಲ ಕಂಠದಿಂದ ಇಷ್ಟೂ ನಡೆದುಹೋಗುತ್ತದೆ. ಕನ್ನಡದಲ್ಲಿಯೂ ನಾವು ಧ್ವನಿಯನ್ನು ಏರಿಸುತ್ತೇವೆ, ಇಲ್ಲವೆಂದಲ್ಲ. ಆದರೆ ಭಾರವನ್ನು ಹೊರುವುದು ಏಕಾರವೇ. ನಮ್ಮಲ್ಲಿ ಇಂಗ್ಲಿಷ್ ಕಲಿಯುವವರು ಹೆಚ್ಚಾಗಿ ಕಲಿಯುವುದು ಪುಸ್ತಕದಿಂದ, ಕಣ್ಣಿನಿಂದ. ಮುದ್ರಿತ ಪುಟದಲ್ಲಿ ಧ್ವನಿಯ ಏರಿಳಿತ ಕಾಣುವುದಿಲ್ಲ. ಆದುದರಿಂದಲೇ ಇಂಗ್ಲಿಷಿನ ಒತ್ತು ನಮಗೆ ಕಾಣದೆ ಉಳಿಯುತ್ತದೆ. ಎಲ್ಲ ಪದಗಳನ್ನೂ ಒಂದೇ ತೂಕದಲ್ಲಿ ಓದಿಬಿಡುತ್ತೇವೆ.

ಕಾಗದದ ಮೇಲೆ ಧ್ವನಿ ಇಲ್ಲವೆಂಬ ಕಷ್ಟ ಇಂಗ್ಲಿಷಿನವರಿಗೂ ಇದೆ. ಕೈಯಲ್ಲಿ ಬರೆಯುವಾಗ ಅವರು ಒತ್ತಬೇಕಾದ ಪದದ ಕೆಳಗೆ ಗೆರೆ ಎಳೆಯುತ್ತಾರೆ. ಮುದ್ರಣದಲ್ಲಿ ಅದನ್ನು ಓರೆ ಅಕ್ಷರದಲ್ಲಿ ಅಚ್ಚುಹಾಕುತ್ತಾರೆ. ಪುಟದ ತುಂಬ ಗೆರೆ ಎಳೆದರೆ ಯಾವುದಕ್ಕೂ ಬೆಲೆ ಉಳಿಯದು. ಹೀಗಾಗಿ ವಾಕ್ಯದ ಕಟ್ಟಡವನ್ನೇ ಬದಲಾಯಿಸಿ ಒತ್ತು ಕೊಡುವ ಉಪಾಯಗಳು ಆ ಭಾಷೆಯಲ್ಲಿ ಬೆಳೆದಿವೆ. ಅವುಗಳಲ್ಲಿ ಮುಖ್ಯವಾದುದು ಒಂದು ವಾಕ್ಯವನ್ನು ಎರಡಾಗಿ ಸೀಳುವ ಉಪಾಯ. ‘ಐ ಫೌಂಡ್ ದಿ ಬ್ಯಾಗ್’ ಎಂಬ ಸಮತಟ್ಟು ವಾಕ್ಯವನ್ನು ಸೀಳಿ ‘ಇಟ್ ವಾಸ್ ಐ ಹೂ ಫೌಂಡ್ ದಿ ಬ್ಯಾಗ್’ ಎನ್ನುತ್ತಾರೆ. ‘ಇಟ್ ವಾಸ್’ ಎಂಬುದು ಒಂದು ಪೀಠವಿದ್ದಂತೆ. ಅದರ ಮೇಲೆ ಯಾವ ಪದವನ್ನು ಕೂರಿಸುತ್ತೇವೆಯೋ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಉಳಿದುದು ‘ಹೂ’ ಅಥವಾ ‘ದಟ್’ ಎಂಬುದರ ಹಿಂದೆ ಸಾಲಾಗಿ ನಿಲ್ಲುತ್ತದೆ. ‘ಇಟ್ ವಾಸ್ ಯೆಸ್ಟರ್‌ಡೇ ದಟ್ ಐ ಫೌಂಡ್ ದಿ ಬ್ಯಾಗ್’ ಎಂದರೆ ‘ನಿನ್ನೆ’ ಪೀಠವೇರಿತು. ‘ಇಟ್ ವಾಸ್ ನಿಯರ್ ದಿ ಲೇಕ್ ದಟ್ ಐ ಫೌಂಡ್ ದಿ ಬ್ಯಾಗ್’ ಎಂದರೆ ‘ಕೆರೆಯ ಬಳಿ’ ಎಂಬುದು ಏರಿತು. ಡೆನ್ಮಾರ್ಕಿನ ಪ್ರಸಿದ್ಧ ಭಾಷಾವಿದ್ವಾಂಸ ಆಟೊ ಯೆಸ್ಪರ್ಸನ್ ಈ ರಚನೆಗೆ ಸೀಳುವಾಕ್ಯ ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಇಂದಿಗೂ ಇಂಗ್ಲಿಷ್ ವ್ಯಾಕರಣಗಳಲ್ಲಿ ಅದೇ ಹೆಸರು ನಡೆಯುತ್ತಿದೆ.

ಇದು ಪರಕೀಯವಾದ ರಚನೆಯೆಂದು ಹೆದರಬೇಕಾಗಿಲ್ಲ. ದಿನದಿನವೂ ಇದನ್ನು ನೀವು ಕನ್ನಡದಲ್ಲಿ ಬಳಸುತ್ತಿದ್ದೀರಿ. ‘ನಾನು ಚೀಲವನ್ನು ಕಂಡೆ’ ಎಂಬುದನ್ನು ‘ಚೀಲವನ್ನು ಕಂಡವಳು ನಾನು’ ಎಂದು ತಿರುಗಿಸಿ ಹೇಳುವುದಿಲ್ಲವೆ? ‘ನಾನು ಕಂಡದ್ದು ನಿನ್ನೆ’, ‘ನನಗೆ ಸಿಕ್ಕಿದ್ದು ಕೆರೆಯ ದಂಡೆಯಲ್ಲಿ, ರಸ್ತೆಯಲ್ಲಲ್ಲ’ ಎನ್ನುವುದಿಲ್ಲವೆ? ಇಲ್ಲಿಯೂ ವಾಕ್ಯ ಸೀಳಿದೆ. ಇಲ್ಲಿಯೂ ಒಂದು ಪದ ಪೀಠವೇರಿದೆ. ವ್ಯತ್ಯಾಸವಿಷ್ಟೆ: ಇಂಗ್ಲಿಷಿನಲ್ಲಿ ಪೀಠ ವಾಕ್ಯದ ಮೊದಲಲ್ಲಿದೆ, ಕನ್ನಡದಲ್ಲಿ ಕೊನೆಯಲ್ಲಿದೆ. ಕನ್ನಡದ ಈ ವಾಕ್ಯವನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಹೋದರೆ ಇಂಗ್ಲಿಷಿನ ಸೀಳುವಾಕ್ಯ ತಾನಾಗಿ ದೊರೆಯುತ್ತದೆ. ‘ನನಗೆ ಬೇಕಾದದ್ದು ನೀರು’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ‘ವಾಟ್ ಐ ವಾಂಟ್ ಈಸ್ ವಾಟರ್’ ಎಂಬ ಇನ್ನೊಂದು ರಚನೆಯೂ ಇದೆ. ಇಲ್ಲಿ ಪೀಠ ಕೊನೆಯಲ್ಲಿಯೇ ಇದೆ; ಪದಗಳ ಸಾಲೂ ಹೆಚ್ಚು ಕಡಮೆ ನಮ್ಮದೇ. ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಇದಕ್ಕಿಂತ ಸುಲಭವಾದ ವಾಕ್ಯ ದೊರೆಯಲಾರದು. ಆದರೂ ಪರೀಕ್ಷೆಯ ಉತ್ತರಗಳಲ್ಲಿ ಇದು ಕಾಣಿಸುವುದು ಅಪರೂಪವೇ.

ಸೀಳುವಾಕ್ಯವನ್ನು ಎಲ್ಲಿ ಬೇಕೆಂದರಲ್ಲಿ ಬಳಸಲಾಗುವುದಿಲ್ಲ. ‘ಚೀಲವನ್ನು ಕಂಡವಳು ನಾನು’ ಎಂಬ ಮಾತಿಗೆ ಅರ್ಥ ಬರಬೇಕಾದರೆ ಚೀಲ ಸಿಕ್ಕಿತೆಂಬುದು ಕೇಳುವವರಿಗೆ ಮೊದಲೇ ಗೊತ್ತಿರಬೇಕು. ನಮ್ಮ ಬಾಲಕಿಯ ಪತ್ರದಲ್ಲಿ ಅದು ಸರಿಹೋಗುತ್ತದೆ, ಏಕೆಂದರೆ ಮುಖ್ಯೋಪಾಧ್ಯಾಯರು ಸುದ್ದಿಯನ್ನು ತಿಳಿಸಿಯಾಗಿದೆ; ಒಡತಿಯ ಮನಸ್ಸಿನಲ್ಲಿ ಉಳಿದಿರುವುದು ‘ಯಾರಿಗೆ?’ ಎಂಬ ಪ್ರಶ್ನೆಯೊಂದೇ. ಅವರಿಗೆ ಏನೂ ತಿಳಿಯದೆ ಇದ್ದಿದ್ದರೆ ‘ಐ ಫೌಂಡ್ ಯುವರ್ ಬ್ಯಾಗ್’ ಎಂಬ ಸಮತಟ್ಟು ವಾಕ್ಯವೇ ಯೋಗ್ಯ. ಇನ್ನೊಂದು ಮಾತು. ‘ಇಟ್ ವಾಸ್ ಐ’ ಎನ್ನಬೇಕೋ ‘ಇಟ್ ವಾಸ್ ಮೀ’ ಎನ್ನಬೇಕೋ ಎಂದು ಇಂಗ್ಲಿಷಿನವರೇ ಜಗಳವಾಡುತ್ತಾರೆ. ಆಡುವಾಗ ‘ಮೀ’ ಎಂಬುದೇ ಹೆಚ್ಚು ರೂಢಿ. ಬರೆವಣಿಗೆಯಲ್ಲಿ, ಅದೂ ಪರೀಕ್ಷೆಯಲ್ಲಿ, ‘ಐ’ ಎಂದು ಬರೆದರೆ ಯಾರೂ ತಪ್ಪೆನ್ನರು.

ಪದವನ್ನಲ್ಲ, ಕ್ರಿಯೆಯನ್ನೇ ಒತ್ತಬೇಕಾದಾಗ ಏನು ಮಾಡಬೇಕು? ಪತ್ರ ಹಾಕಿದೆಯೋ ಇಲ್ಲವೋ ಎಂದು ತಂದೆಯವರು ಸಂಶಯಪಟ್ಟಾಗ ಮಗ ‘ಹಾಕಿದೆನಪ್ಪ, ಹಾಕಿಯೇ ಬಂದೆ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಡು’ ಎಂಬ ಸಹಾಯಕ ಕ್ರಿಯಾಪದವಿದೆ. ‘ಐ ಪೋಸ್ಟೆಡ್ ದಿ ಲೆಟರ್’ ಎಂಬುದು ಬರಿಯ ಸುದ್ದಿ. ‘ಐ ಡಿಡ್ ಪೋಸ್ಟ್ ದಿ ಲೆಟರ್’ ಎಂಬುದು ಸಂಶಯಕ್ಕೆ ಕೊಟ್ಟ ಉತ್ತರ. ಪ್ರಶ್ನೆಗಳಲ್ಲಿಯೂ ನಿಷೇಧವಾಕ್ಯಗಳಲ್ಲಿಯೂ ಈ ‘ಡು’ ಬರುತ್ತದೆಂದು ನೀವು ಆಗಲೇ ಕಲಿತಿದ್ದೀರಿ. ಪ್ರಶ್ನೆಯೂ ಇಲ್ಲದೆ ನಿಷೇಧವೂ ಇಲ್ಲದೆ ಅದು ವಾಕ್ಯದೊಳಗೆ ಬಂದು ಕುಳಿತಿದ್ದರೆ ಅದು ಒತ್ತು ಕೊಡಲು ಬಂದಿದೆಯೆಂದು ತಿಳಿಯಬೇಕು. ಇಲ್ಲಿ ವಿದ್ಯಾರ್ಥಿಗಳು ‘ಐ ಡಿಡ್ ಪೋಸ್ಟೆಡ್’ ಎಂದು ಬರೆಯುವುದುಂಟು. ಭೂತಕಾಲದ ಹೊರೆಯನ್ನು ‘ಡಿಡ್’ ಹೊತ್ತಾದ ಮೇಲೆ ಮುಖ್ಯ ಕ್ರಿಯಾಪದ ಬರಿಗೈಯಲ್ಲಿ ನಡೆಯಬೇಕು. ಒಂದೇ ಮೂಟೆಯನ್ನು ಇಬ್ಬರೂ ಹೊರಲಾಗದು. ಇದೇ ‘ಡು’ ಆದರದ ಮಾತಿನಲ್ಲಿಯೂ ಉಂಟು. ‘ಡು ಕಮ್’ ಎಂದರೆ ಅಪ್ಪಣೆಯಲ್ಲ. ‘ದಯವಿಟ್ಟು ಬನ್ನಿ, ಖಂಡಿತ ಬರಲೇಬೇಕು’ ಎಂದು ನಮ್ಮ ಮನೆಗಳಲ್ಲಿ ನೆಂಟರಿಷ್ಟರನ್ನು ಒತ್ತಾಯ ಮಾಡಿ ಕರೆಯುವಂತೆ.

‘ಮುಟ್ಟಲೇ ಇಲ್ಲ’ ಎಂಬಲ್ಲಿ ಏಕಾರ ಬಿದ್ದಿರುವುದು ನಿಷೇಧದ ಮೇಲೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಅಟ್ ಆಲ್’ ಎಂಬ ಜೋಡಿ ಪದವಿದೆ: ‘ಐ ಡಿಡ್ ನಾಟ್ ಟಚ್ ದಿ ಮನಿ ಅಟ್ ಆಲ್.’ ಈಗ ಯಾರೂ ಎರಡರ್ಥ ಮಾಡಲಾರರು. ‘ನೆವರ್’ ಎಂಬುದೂ ಇಂಥದೇ ಗಟ್ಟಿಯಾದ ಪದ. ಆದರೆ ಅದು ‘ಎಂದೂ ಇಲ್ಲ’ ಎಂದು ಕಾಲವನ್ನೆಲ್ಲ ವ್ಯಾಪಿಸುತ್ತದೆ.

ಇನ್ನು ‘ಸೆಲ್ಫ್’ ಎಂದು ಮುಗಿಯುವ ಪದಗಳು. ‘ಮೈಸೆಲ್ಫ್’, ‘ಹಿಮ್‌ಸೆಲ್ಫ್’, ‘ಇಟ್‌ಸೆಲ್ಫ್’ ಇವು ಇಂಗ್ಲಿಷಿನಲ್ಲಿಯೂ ಒತ್ತು ಕೊಡುತ್ತವೆ. ‘ಐ ಮೈಸೆಲ್ಫ್ ಗೇವ್ ಇಟ್’ ಎಂದರೆ ‘ನಾನೇ ಸ್ವತಃ ಕೊಟ್ಟೆ’. ‘ದಿ ಲೇಕ್ ಇಟ್‌ಸೆಲ್ಫ್ ಈಸ್ ಸ್ಮಾಲ್’ ಎಂದರೆ ‘ಕೆರೆಯೇನೋ ಚಿಕ್ಕದೇ’, ಸುತ್ತಣ ಜಾಗ ದೊಡ್ಡದಿರಬಹುದು. ಇವು ವ್ಯಕ್ತಿಯ ಅಥವಾ ವಸ್ತುವಿನ ಹೆಸರಿನ ಪಕ್ಕದಲ್ಲಿ ಒಪ್ಪುತ್ತವೆ; ‘ಟುಡೇ’, ‘ಮಾರ್ನಿಂಗ್’ ಎಂಬ ಕಾಲವಾಚಕಗಳ ಪಕ್ಕದಲ್ಲಿ ಇಂಗ್ಲಿಷಿನವರು ಇವನ್ನು ಇಡುವುದಿಲ್ಲ. ‘ಅದೇ ಬೆಳಿಗ್ಗೆಯೇ’ ಎನ್ನಬೇಕಾದಾಗ ‘ದಟ್ ವೆರಿ ಮಾರ್ನಿಂಗ್’ ಎನ್ನುತ್ತಾರೆ. ‘ವೆರಿ’ ಎಂದರೆ ‘ಬಹಳ’ ಎಂದು ಮಾತ್ರ ಬಾಯಿಪಾಠ ಮಾಡಿದವರಿಗೆ ಇದು ಸೋಜಿಗವಾಗಿ ತೋರುತ್ತದೆ. ನಾಮಪದದ ಹಿಂದೆ ನಿಂತ ‘ವೆರಿ’ ಎಂಬುದು ನಮ್ಮ ‘ನಟ್ಟನಡು’, ‘ಕಟ್ಟಕಡೆ’, ‘ತುತ್ತತುದಿ’, ‘ಮೊತ್ತಮೊದಲು’ ಎಂಬ ಪದಗಳಲ್ಲಿ ಮೊದಲ ಭಾಗ ಮಾಡುವ ಕೆಲಸವನ್ನು ಮಾಡುತ್ತದೆ. ‘ದಿ ವೆರಿ ಫಸ್ಟ್ ಡೇ’ ಎಂಬುದಕ್ಕೆ ‘ಮೊತ್ತಮೊದಲ ದಿನ’ ಎಂಬುದಕ್ಕಿಂತ ಒಳ್ಳೆಯ ಕನ್ನಡವಿಲ್ಲ. ತಮ್ಮ ಪರಿಚಯ ಹೇಳಿಕೊಳ್ಳುವಾಗ ‘ಮೈಸೆಲ್ಫ್’ ಎಂದು ಆರಂಭಿಸಿ ಹೆಸರು ಹೇಳುವ ರೂಢಿ ಈಗ ಬಹಳ ಹಬ್ಬಿದೆ. ಯಾರೂ ಸಂಶಯಪಡದ ಹೆಸರಿಗೆ ಅಷ್ಟು ಒತ್ತೇಕೆ? ‘ಐ ಆಮ್’ ಎಂಬುದೇ ಸಾಕು.

‘ನನ್ನ ಗೆಳತಿಯೂ ನೋಡಿದಳು’ ಎಂಬಲ್ಲಿ ಇರುವುದು ಏಕಾರವಲ್ಲ, ಊಕಾರ. ಏಕಾರ ಉಳಿದವರನ್ನು ಹೊರಗಿಟ್ಟರೆ ಊಕಾರ ಅವರನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಈ ಊಕಾರಕ್ಕೆ ‘ಈವನ್’ ಎಂದು ಹೇಳುವುದು ವಾಡಿಕೆ: ‘ಈವನ್ ಐ ಕೇಮ್’, ಎಂದರೆ ನಾನೂ ಬಂದೆ. ಆದರೆ ಇಂಗ್ಲಿಷಿನ ‘ಈವನ್’ ಇಷ್ಟು ಸಾಧು ಪದವಲ್ಲ. ಅದರಲ್ಲಿ ಅಚ್ಚರಿ ಬೆರೆತಿದೆ. ‘ಈವನ್ ಐ ಕೇಮ್’ ಎಂದರೆ ‘ಎಲ್ಲಿಗೂ ಬಾರದ ನನ್ನಂಥವನು ಕೂಡ ಬಂದೆ’ ಎಂದಾಗುತ್ತದೆ. ಹಾಗೆ ನೋಡಿದರೆ ‘ಈವನ್ ಮೈ ಫ್ರೆಂಡ್ ಸಾ ಇಟ್’ ಎಂದು ಬರೆದ ಬಾಲಕಿ ತನ್ನ ಗೆಳತಿಗೆ ಕಣ್ಣು ಮಂಜೆಂದು ಹೇಳಿದಂತಾಯಿತು! ಅಚ್ಚರಿಯಿಲ್ಲದ ಊಕಾರಕ್ಕೆ ‘ಟೂ’, ‘ಆಲ್ಸೊ’ ಎಂಬ ಪದಗಳಿವೆ. ಅಚ್ಚರಿಯಿರುವಲ್ಲಿ, ‘ಮಗುವಿಗೂ ಗೊತ್ತು’ ಎಂಬಂಥ ಮಾತಿನಲ್ಲಿ, ‘ಈವನ್ ಎ ಚೈಲ್ಡ್ ನೋಸ್’ ಎಂಬುದು ಸರಿಯಾಗಿ ಕೂಡುತ್ತದೆ.

ಇಷ್ಟು ತಿಳಿದ ಮೇಲೆ ಬಾಲಕಿಯ ಪತ್ರವನ್ನು ತಿದ್ದುವುದು ಕಷ್ಟವಲ್ಲ. ‘ಇಟ್ ವಾಸ್ ಐ ಹೂ ಫೌಂಡ್ ದಿ ಬ್ಯಾಗ್. ಐ ಫೌಂಡ್ ಇಟ್ ಯೆಸ್ಟರ್‌ಡೇ ಆನ್ ಮೈ ವೇ ಟು ಸ್ಕೂಲ್, ಅಂಡ್ ಐ ಗೇವ್ ಇಟ್ ಟು ದಿ ಹೆಡ್‌ಮಾಸ್ಟರ್ ದಟ್ ವೆರಿ ಮಾರ್ನಿಂಗ್. ಮೈ ಫ್ರೆಂಡ್ ಸಾ ಇಟ್ ಟೂ. ಐ ಡಿಡ್ ನಾಟ್ ಟಚ್ ದಿ ಮನಿ ಅಟ್ ಆಲ್.’ ಗಮನಿಸಿ: ಕನ್ನಡದಲ್ಲಿ ‘ನಿನ್ನೆಯೇ’ ಎಂದಿದ್ದುದಕ್ಕೆ ಇಲ್ಲಿ ಬೇರೆ ಒತ್ತು ಕೊಟ್ಟಿಲ್ಲ. ತಡಮಾಡಲಿಲ್ಲವೆಂಬ ಅಭಿಪ್ರಾಯವನ್ನು ‘ದಟ್ ವೆರಿ ಮಾರ್ನಿಂಗ್’ ಎಂಬುದೇ ಹೊತ್ತಿದೆ. ಕನ್ನಡದ ಏಕಾರ ಹಗುರವಾದುದು. ವಾಕ್ಯಕ್ಕೊಂದರಂತೆ ಬಂದರೂ ಕಿವಿಗೆ ಭಾರವಾಗದು. ಇಂಗ್ಲಿಷಿನ ಉಪಾಯಗಳು ಹಾಗಲ್ಲ. ಪ್ರತಿ ವಾಕ್ಯವನ್ನೂ ಸೀಳಿದರೆ, ಪ್ರತಿ ಕ್ರಿಯೆಗೂ ‘ಡಿಡ್’ ಹಚ್ಚಿದರೆ ಬರೆದವರು ಯಾರೊಡನೆಯೋ ವ್ಯಾಜ್ಯಕ್ಕೆ ನಿಂತಂತೆ ಕಾಣುತ್ತದೆ.

‘ಓನ್ಲಿ’ ಎಂಬ ಪದವನ್ನೇ ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ‘ಮಾತ್ರ’, ‘ಅಷ್ಟೇ’ ಎಂಬ ಅರ್ಥದಲ್ಲಿ ಅದು ಬೇಕೇ ಬೇಕು. ‘ಓನ್ಲಿ ಐ ಫೌಂಡ್ ದಿ ಬ್ಯಾಗ್’ ಎಂದರೆ ‘ನಾನೊಬ್ಬಳು ಮಾತ್ರ ಕಂಡೆ’. ‘ಐ ಫೌಂಡ್ ಓನ್ಲಿ ದಿ ಬ್ಯಾಗ್’ ಎಂದರೆ ‘ಚೀಲವನ್ನು ಮಾತ್ರ ಕಂಡೆ, ಅದರೊಡನೆ ಬೇರೇನೂ ಇರಲಿಲ್ಲ’. ಯಾವ ಪದವನ್ನು ಹಿಡಿಯಬೇಕೋ ಆ ಪದದ ಮುಂಚೆ ಅದನ್ನು ನಿಲ್ಲಿಸುವುದು ಕಲಿಯುವವರಿಗೆ ಸುರಕ್ಷಿತವಾದ ದಾರಿ. ಇಂಗ್ಲಿಷಿನವರೇ ಆಡುವ ಮಾತಿನಲ್ಲಿ ಈ ನಿಯಮವನ್ನು ಸಡಿಲಬಿಡುತ್ತಾರೆ. ಎಚ್. ಡಬ್ಲ್ಯು. ಫೌಲರ್ ಎಂಬ ನಿಘಂಟುಕಾರರು 1926ರಲ್ಲಿ ಪ್ರಕಟಿಸಿದ ಪ್ರಯೋಗಕೋಶದಲ್ಲಿ ‘ಓನ್ಲಿ’ಯ ಸ್ಥಾನವನ್ನು ಕುರಿತು ಸಾಕಷ್ಟು ಚರ್ಚೆ ಮಾಡಿ, ಅರ್ಥ ಕೆಡದಿರುವಲ್ಲಿ ರೂಢಿಯ ಸ್ಥಾನವನ್ನು ಆಕ್ಷೇಪಿಸುವುದು ವ್ಯರ್ಥ ಪಾಂಡಿತ್ಯವೆಂಬ ಅಭಿಪ್ರಾಯಕ್ಕೆ ಬಂದರು. ಆದರೆ ಫೌಲರ್ ಅವರಿಗೆ ಇದ್ದ ಧ್ವನಿಯ ಬೆಂಬಲ ನಮಗೆ ಇಲ್ಲ.

ವಾಕ್ಯದ ಕ್ರಮವನ್ನು ಬುಡಮೇಲು ಮಾಡುವ ಉಪಾಯವೂ ಒಂದಿದೆ. ‘ಐ ಹ್ಯಾವ್ ನೆವರ್ ಸೀನ್ ಸಚ್ ರೇನ್’ ಎಂಬುದನ್ನು ‘ನೆವರ್ ಹ್ಯಾವ್ ಐ ಸೀನ್ ಸಚ್ ರೇನ್’ ಎಂದರೆ ‘ಇಂಥ ಮಳೆಯನ್ನು ನಾನು ಕಂಡದ್ದೇ ಇಲ್ಲ’ ಎಂಬ ಗಾಂಭೀರ್ಯ ಬರುತ್ತದೆ. ನಿಷೇಧದ ಪದ ಮೊದಲಿಗೆ ಬಂದ ಕೂಡಲೆ ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬರುತ್ತದೆ; ವಾಕ್ಯ ಪ್ರಶ್ನೆಯ ಆಕಾರವನ್ನು ತಾಳುತ್ತದೆ, ಆದರೆ ಪ್ರಶ್ನೆಯಲ್ಲ. ಇದು ಭಾಷಣಕ್ಕೂ ಗ್ರಂಥಕ್ಕೂ ತಕ್ಕ ಶೈಲಿ. ಬಸ್ಸಿನ ಕಂಡಕ್ಟರರೊಡನೆ ಹೀಗೆ ಮಾತನಾಡಿದರೆ ಅವರು ಒಮ್ಮೆ ತಿರುಗಿ ನೋಡಿಯಾರು.

‘ವೆರಿ’, ‘ರಿಯಲಿ’, ‘ಇಂಡೀಡ್’ ಮೊದಲಾದ ಪದಗಳಿಂದ ಒತ್ತು ಕೊಡುವುದು ಎಲ್ಲರಿಗೂ ತಿಳಿದುದೇ ಆದ್ದರಿಂದ ಅವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ದ್ವಿರುಕ್ತಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ‘ಬಿಸಿ ಬಿಸಿ ಕಾಫಿ’, ‘ಸಣ್ಣ ಸಣ್ಣ ಕೆಲಸ’ ಎಂದು ನಾವು ಹೇಳಿದಂತೆ ‘ಹಾಟ್ ಹಾಟ್ ಕಾಫಿ’, ‘ಸ್ಮಾಲ್ ಸ್ಮಾಲ್ ವರ್ಕ್’ ಎನ್ನುವುದು ಇಂಗ್ಲಿಷಿನ ರೂಢಿಯಲ್ಲ. ಅವರು ಗುಣವಾಚಕವನ್ನು ಹಾಗೆ ಬರಿದಾಗಿ ಇಮ್ಮಡಿಸುವುದು ಕಡಮೆ. ‘ವೆರಿ’ಯನ್ನಾದರೆ ಎರಡು ಸಲ ಹೇಳುತ್ತಾರೆ. ‘ಹಾಟ್ ಹಾಟ್ ಕಾಫಿ’ ಎಂಬ ಮಾತಿನಲ್ಲಿ ಹ��ೆಯಾಡುವ ಬಿಸಿ ‘ವೆರಿ ಹಾಟ್ ಕಾಫಿ’ ಎಂಬುದರಲ್ಲಿ ಇಲ್ಲವೆಂದು ನಮಗೆ ತೋರಿದರೆ ಅದೂ ನಿಜವೇ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಲೂ ಈ ವಿಷಯ ನೆನಪಿನಲ್ಲಿರಬೇಕು. ರೆವರೆಂಡ್ ಕಿಟ್ಟೆಲ್ ಅವರು 1894ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಏಕಾರಕ್ಕೂ ಸ್ಥಾನ ಕೊಟ್ಟು, ಅದು ಒತ್ತು ಕೊಡುವ ಪ್ರತ್ಯಯವೆಂದು ಗುರುತಿಸಿದ್ದಾರೆ. ಅದಕ್ಕೆ ಸಮನಾದ ಒಂದೇ ಒಂದು ಪದ ಇಂಗ್ಲಿಷಿನಲ್ಲಿಲ್ಲ. ಇದನ್ನು ತಿಳಿಯದ ಭಾಷಾಂತರಕಾರರು ‘ಇಟ್ ವಾಸ್ ಯೆಸ್ಟರ್‌ಡೇ ದಟ್ ದಿ ಬಸ್ ಕೇಮ್’ ಎಂಬುದನ್ನು ‘ಅದು ನಿನ್ನೆಯಾಗಿತ್ತು, ಬಸ್ಸು ಬಂದಿದ್ದು’ ಎಂದು ಕನ್ನಡಕ್ಕೆ ತರುತ್ತಾರೆ. ಆ ‘ಅದು’ ಯಾವುದು? ಎಲ್ಲಿಯೂ ಇಲ್ಲ. ಇಂಗ್ಲಿಷಿನ ‘ಇಟ್’ ಬರಿಯ ಪೀಠ. ಪೀಠವನ್ನು ಅಲ್ಲಿಯೇ ಬಿಟ್ಟು ಅದರ ಮೇಲೆ ಕುಳಿತಿದ್ದುದನ್ನು ಮಾತ್ರ ಎತ್ತಿಕೊಂಡು ಬರಬೇಕು. ‘ಬಸ್ಸು ಬಂದದ್ದು ನಿನ್ನೆ’ ಎಂದರೆ ಮುಗಿಯಿತು. ‘ನಿನ್ನೆಯೇ ಬಂತು’ ಎಂದರೂ ಆದೀತು, ಆದರೆ ಅದರಲ್ಲಿ ‘ಇಷ್ಟು ಬೇಗ’ ಎಂಬ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಯಾವುದು ಸರಿ ಎಂಬುದನ್ನು ಆ ಇಂಗ್ಲಿಷ್ ವಾಕ್ಯದ ಹಿಂದಿನ ವಾಕ್ಯವನ್ನು ನೋಡಿ ನಿರ್ಧರಿಸಬೇಕು.